ಐದು ಕಿಲೋವ್ಯಾಟ್‌ನ ಒಪ್ಪಂದ

(ಒಂದು ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಲೀಟರ್ ಪೆಟ್ರೋಲ್‌ನಿಂದ ಶುರು ಮಾಡುತ್ತೇನೆ. ನೋಡಲು ಒಂದು ನೀರಿನ ಬಾಟಲಿಯಷ್ಟು. ಅದರೊಳಗೆ ಹತ್ತಿರಹತ್ತಿರ 9 ಯೂನಿಟ್ ಶಕ್ತಿ ಇದೆ. ಕರೆಂಟ್ ಬಿಲ್ಲಿನಲ್ಲಿ ಬರುತ್ತಲ್ಲ, ಅದೇ ಯೂನಿಟ್. ಈಗ ಒಬ್ಬ ಗಟ್ಟಿ ಆಳು ಎಂಟು ಗಂಟೆ ಮೈಮುರಿದು ದುಡಿದ ಅನ್ನಿ. ಅವನ ರಟ್ಟೆಯ ಬಲ ಸರಾಸರಿ 75 ವ್ಯಾಟ್. ಎಂಟು ಗಂಟೆಗೆ ಲೆಕ್ಕ ಹಾಕಿದರೆ 0.6 ಯೂನಿಟ್. ಅಂದರೆ ಆ ಬಾಟಲಿಯಲ್ಲಿ ಹದಿನೈದು ದಿನದ ದುಡಿಮೆ ಕೂತಿದೆ. ಎಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಸುಮ್ನೆ ಬಿಸಿ ಮಾಡಿ ಹೊರಗೆ ಬಿಡುತ್ತದೆ, ಸರಿ. ಉಳಿದ ಕಾಲು ಭಾಗವೇ ಸುಮಾರು ನಾಲ್ಕು ದಿನದ ಕೆಲಸ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಪೆಟ್ರೋಲ್, ಕಲ್ಲಿದ್ದಲಿನಂಥ ಪಳೆಯುಳಿಕೆ ಇಂಧನ ಬಿಡುವ ವಿಷಯ ಮಾತಾಡುವ ನಮ್ಮಂಥವರಿಗೆ ಒಂದು ಕೆಟ್ಟ ಚಾಳಿ. ಜನ ದುರಾಸೆಯಿಂದ ಪೆಟ್ರೋಲ್ ಸುಡುತ್ತಿದ್ದಾರೆ ಅನ್ನುವ ಹಾಗೆ ಬೈಯಲು ಶುರು ಮಾಡುತ್ತೇವೆ. ಇಷ್ಟು ಅಗ್ಗದ, ಇಷ್ಟು ಬಲದ, ಒಂದು ಮಾತೂ ಎದುರಾಡದ ಆಳು ಮನುಷ್ಯನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಸಿಕ್ಕಿದ ಮೇಲೆ ಯಾರು ಬಿಡುತ್ತಾರೆ? ಇವತ್ತಿಗೂ ಜಗತ್ತು ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡ 80ರಷ್ಟು ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲದಿಂದಲೇ ಬರುತ್ತಿದೆ. ಆದರೆ ಒಂದು ಲೀಟರ್ ಸುಟ್ಟರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸುಟ್ಟ ಪೆಟ್ರೋಲಿನ ಮೂರು ಪಟ್ಟು ತೂಕ! ಗಾಳಿಯಲ್ಲಿದ್ದ ಆಮ್ಲಜನಕ ಬಂದು ಕೂಡಿಕೊಳ್ಳುವುದರಿಂದ ಹೀಗಾಗುತ್ತದೆ. ಆ ಆಳಿನ ಕೂಲಿಯನ್ನು ನಾವು ಕೊಡುತ್ತಿಲ್ಲ, ಮುಂದಿನವರ ಲೆಕ್ಕಕ್ಕೆ ಬರೆಸುತ್ತಿದ್ದೇವೆ.

ಹಾಗಾದರೆ ಒಂದು ಮನೆ ಏನು ಮಾಡಬಹುದು? ಸ್ವಲ್ಪ ಮಾಡಬಹುದು. ಎಲ್‌ಇಡಿ ಬಲ್ಬು ಹಾಕಬಹುದು. ಅಗತ್ಯ ಇಲ್ಲದ ಓಡಾಟ ಕಡಿಮೆ ಮಾಡಬಹುದು. ನಾನೂ ಮಾಡಿದೆ. ಒಂದು ಹಂತಕ್ಕೆ ಬಂದು ಗಾಡಿ ನಿಂತಿತು. ಬಸ್ಸೇ ಬರದ ಬೀದಿಯಲ್ಲಿ ಬಸ್ಸು ಹತ್ತಿ ಅಂದರೆ ಎಲ್ಲಿ ಹತ್ತುವುದು? ಎಲ್ಲರಿಗೂ ಸೇರಿದ ತಾರಸಿಯ ಮೇಲೆ ನಾನೊಬ್ಬನೇ ಸೋಲಾರ್ ಪ್ಯಾನೆಲ್ ಹೇಗೆ ಹಾಕಲಿ? ನನ್ನ ಪಟ್ಟಿಯಲ್ಲಿ ಉಳಿದಿದ್ದ ಪ್ರತಿಯೊಂದಕ್ಕೂ ಪಕ್ಕದ ಮನೆಯವರ ಒಪ್ಪಿಗೆ ಬೇಕಾಗಿತ್ತು.

ಇನ್ನೊಂದು ಕಡೆ ಸರ್ಕಾರ ಇದೆ. ಅದು ಕಾನೂನು ಮಾಡುತ್ತದೆ, ದೊಡ್ಡ ತಂತಿ ಎಳೆಯುತ್ತದೆ. ಆದರೆ ಯಾವ ಬೀದಿಯಲ್ಲಿ ಯಾರ ಮನೆ ಚಳಿಗೆ ನಡುಗುತ್ತಿದೆ, ಯಾರ ಕಾರು ದಿನವಿಡೀ ನಿಂತಿರುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಗೊತ್ತಿರುವುದು ನೆರೆಯವರಿಗೆ. ಮನೆಗಿಂತ ದೊಡ್ಡದು, ಸರ್ಕಾರಕ್ಕಿಂತ ಚಿಕ್ಕದು, ಈ ನಡುವಿನ ಅಳತೆಯ ಬಗ್ಗೆಯೇ ಇವತ್ತಿನ ಮಾತು.

ಈಗ ನಿಮ್ಮನ್ನು ಸ್ಕಾಟ್‌ಲೆಂಡಿನ ಪಶ್ಚಿಮಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಐಗ್ ಅಂತ ಒಂದು ಪುಟ್ಟ ದ್ವೀಪ. ನೂರು ಜನ ಇರಬಹುದು. ಮೊದಲು ಇಡೀ ದ್ವೀಪ ಒಬ್ಬ ಜಮೀನ್ದಾರನದು. ಒಬ್ಬ ಮಾರಿದರೆ ಇನ್ನೊಬ್ಬ ಕೊಳ್ಳುವುದು, ಹೀಗೇ ನಡೆದಿತ್ತು. 1997ರಲ್ಲಿ ಅಲ್ಲಿನ ಜನ ಒಂದು ಟ್ರಸ್ಟ್ ಮೂಲಕ, ಹೊರಗಿನವರ ದೇಣಿಗೆಯನ್ನೂ ಕೂಡಿಸಿಕೊಂಡು, ದ್ವೀಪವನ್ನೇ ಕೊಂಡುಕೊಂಡರು. ಆದರೆ ಕರೆಂಟ್ ಇರಲಿಲ್ಲ. ಮುಖ್ಯ ಭೂಭಾಗದಿಂದ ಸಮುದ್ರದಡಿ ತಂತಿ ತರಲು ಖರ್ಚು ವಿಪರೀತ. ಹಾಗಾಗಿ ಮನೆಮನೆಗೂ ಡೀಸೆಲ್ ಜನರೇಟರ್. ಸದ್ದು, ಹೊಗೆ, ದೋಣಿಯಲ್ಲಿ ಹೊತ್ತು ತರಬೇಕಾದ ಡೀಸೆಲ್.

2008ರ ಫೆಬ್ರುವರಿಯಲ್ಲಿ ಅವರದೇ ವಿದ್ಯುತ್ ಜಾಲ ಶುರುವಾಯಿತು. ಹಳ್ಳದ ನೀರಿನಿಂದ ಒಂದಷ್ಟು, ನಾಲ್ಕು ಸಣ್ಣ ಗಾಳಿಯಂತ್ರಗಳಿಂದ ಒಂದಷ್ಟು, ಬಿಸಿಲಿನಿಂದ ಒಂದಷ್ಟು. ಈ ಮೂರರ ಜೋಡಣೆ ಚೆನ್ನಾಗಿದೆ. ಅಲ್ಲಿ ಚಳಿಗಾಲದಲ್ಲಿ ಮಳೆ ಗಾಳಿ ಜಾಸ್ತಿ, ಬಿಸಿಲು ಇಲ್ಲ. ಬೇಸಿಗೆಯಲ್ಲಿ ಹಳ್ಳ ಸೊರಗುತ್ತದೆ, ಆಗ ಬಿಸಿಲು ಇರುತ್ತದೆ. ಒಂದು ಕೈಕೊಟ್ಟಾಗ ಇನ್ನೊಂದು ಕೈಹಿಡಿಯುತ್ತದೆ. ಜೊತೆಗೆ ಬ್ಯಾಟರಿ. ಎಲ್ಲವೂ ಕೈಕೊಟ್ಟರೆ ಎರಡು ಡೀಸೆಲ್ ಜನರೇಟರ್ ಈಗಲೂ ಇವೆ. ಅದನ್ನು ಅವರು ಮುಚ್ಚಿಡುವುದಿಲ್ಲ.

ಇದೆಲ್ಲ ಯಂತ್ರದ ಮಾತು. ನನಗೆ ಹಿಡಿಸಿದ್ದು ಬೇರೆ. ಯಂತ್ರ ಬರುವ ಮೊದಲು ಐಗ್‌ನವರು ಕೂತು ಒಂದು ತೀರ್ಮಾನ ಮಾಡಿದರು. ಯಾವ ಮನೆಯೂ ಒಂದು ಹೊತ್ತಿನಲ್ಲಿ 5 ಕಿಲೋವ್ಯಾಟ್‌ಗಿಂತ ಹೆಚ್ಚು ಎಳೆಯಬಾರದು. ವ್ಯಾಪಾರದ ಜಾಗಕ್ಕೆ 10. ದೊಡ್ಡ ಮನೆ, ಸಣ್ಣ ಮನೆ, ಎಲ್ಲರಿಗೂ ಅದೇ ಮಿತಿ. ಮೀರಿದರೆ ಆ ಮನೆಯ ಕರೆಂಟ್ ಟ್ರಿಪ್ ಆಗುತ್ತದೆ. ನೀರು ಕಾಯಿಸುವ ಕೆಟಲ್‌ಗೆ ಎರಡು, ಎರಡೂವರೆ ಕಿಲೋವ್ಯಾಟ್ ಬೇಕು. ಬಟ್ಟೆ ಒಗೆಯುವ ಮಷಿನ್ ನೀರು ಬಿಸಿ ಮಾಡುವಾಗ ಇನ್ನೆರಡು. ಎರಡೂ ಒಟ್ಟಿಗೆ ನಡೆಯುತ್ತವೆ. ಅದೇ ಹೊತ್ತಿಗೆ ಓವನ್ ಹಾಕಿದಿರೋ, ಕತ್ತಲೆ. ಮನೆಯವರು ಒಂದು ಪುಟ್ಟ ಮೀಟರ್ ನೋಡಿಕೊಂಡು ಒಂದಾದ ಮೇಲೆ ಒಂದು ಕೆಲಸ ಮಾಡುವುದನ್ನು ಕಲಿತರು.

ಗಾಳಿ ಜೋರಾಗಿ, ಹಳ್ಳ ತುಂಬಿ ಕರೆಂಟ್ ಮಿಕ್ಕಿದರೆ? ಆಗ ಅದು ತಾನಾಗಿಯೇ ಊರಿನ ಸಮುದಾಯ ಭವನ, ಚರ್ಚ್ ಮುಂತಾದ ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಿಡಲು ಹೋಗುತ್ತದೆ. ಕಡಿಮೆ ಇದ್ದಾಗ ಎಲ್ಲರಿಗೂ ಸಮ, ಜಾಸ್ತಿ ಇದ್ದಾಗ ಎಲ್ಲರಿಗೂ ಸೇರಿದ್ದು. ಈ ಎರಡು ನಿಯಮ ಬರೆಯಲು ಯಾವ ಎಂಜಿನಿಯರೂ ಬೇಕಿಲ್ಲ. ಆದರೆ ಇವಿಲ್ಲದೆ ಎಂಜಿನಿಯರ್ ಏನು ಕಟ್ಟಿದರೂ ನಿಲ್ಲುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಮುಂದೆ ಹೇಳುವುದೆಲ್ಲ ಈ ಅನಿಸಿಕೆಯ ಸುತ್ತಲೇ ಸುತ್ತುತ್ತದೆ.

ಹಂಚಿಕೊಳ್ಳುವುದರಲ್ಲಿ ಒಳ್ಳೆಯತನ ಮಾತ್ರ ಅಲ್ಲ, ಗಟ್ಟಿ ಲೆಕ್ಕವೂ ಇದೆ. ನೂರು ಮನೆ ಇದ್ದರೆ ನೂರೂ ಮನೆಯಲ್ಲಿ ಒಂದೇ ಗಳಿಗೆಗೆ ಗೀಸರ್ ಹಾಕುವುದಿಲ್ಲ. ಒಬ್ಬರು ಆರಕ್ಕೆ, ಒಬ್ಬರು ಏಳಕ್ಕೆ, ಇನ್ನೊಬ್ಬರು ರಾತ್ರಿ. ಪ್ರತಿ ಮನೆಯೂ ತನ್ನ ಪಾಡಿಗೆ ವ್ಯವಸ್ಥೆ ಮಾಡಿಕೊಂಡರೆ ತನ್ನ ಅತಿ ಹೆಚ್ಚಿನ ಬೇಡಿಕೆಗೆ ತಕ್ಕಷ್ಟು ದೊಡ್ಡ ಬ್ಯಾಟರಿ, ಇನ್ವರ್ಟರ್ ಕೊಳ್ಳಬೇಕು. ನೂರು ಮನೆ ಸೇರಿದರೆ ಆ ನೂರು ಬೇಡಿಕೆಗಳನ್ನು ಕೂಡಿದಷ್ಟು ದೊಡ್ಡದು ಬೇಕಿಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ವಿದ್ಯುತ್ ಜಾಲ ಕಟ್ಟುವವರು ಇದನ್ನು ಮೊದಲಿನಿಂದಲೂ ಬಲ್ಲರು. ಏಣಿಯ ವಿಷಯವೂ ಹಾಗೇ ಅಲ್ವಾ? ಬೀದಿಗೊಂದು ಇದ್ದರೆ ಸಾಕು, ಮನೆಗೊಂದು ಇರುತ್ತದೆ.

ಇನ್ನು ಒಂದು ತಪ್ಪು ತಿಳಿವಳಿಕೆ. ಪಳೆಯುಳಿಕೆ ಇಂಧನ ಬಿಡುವುದು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸೋಲಾರ್ ಪ್ಯಾನೆಲ್, ಗಾಳಿಯಂತ್ರ. ಅಂದರೆ ಕರೆಂಟ್. ಆದರೆ ಜಗತ್ತಿನ ಜನ ಕೊನೆಗೆ ಬಳಸುವ ಶಕ್ತಿಯಲ್ಲಿ ಕರೆಂಟಿನ ಪಾಲು ಸುಮಾರು ಐದನೇ ಒಂದು ಭಾಗ. ಉಳಿದ ಬಹುಪಾಲು ಬಿಸಿಗೆ ಮತ್ತು ಓಡಾಟಕ್ಕೆ ಹೋಗುತ್ತದೆ. ನೀರು ಕಾಯಿಸುವುದು, ಮನೆ ಬೆಚ್ಚಗಿಡುವುದು, ಅಡುಗೆ, ಕಾರ್ಖಾನೆಯ ಕುಲುಮೆ, ಲಾರಿ, ಹಡಗು. ತಾರಸಿಯ ಮೇಲೆ ಪ್ಯಾನೆಲ್ ಹಾಕಿ ಫೋಟೋ ತೆಗೆಸಿಕೊಂಡ ಮೇಲೂ ದೊಡ್ಡ ಪಾಲು ಕೆಳಗೆ ಕಾಯುತ್ತಿರುತ್ತದೆ.

ಬಿಸಿಯ ವಿಷಯದಲ್ಲಿ ಡೆನ್ಮಾರ್ಕಿನವರನ್ನು ನೋಡಬೇಕು. ಅಲ್ಲಿ ಸುಮಾರು ಮೂರರಲ್ಲಿ ಎರಡು ಮನೆಗಳಿಗೆ ಸ್ವಂತ ಬಾಯ್ಲರ್ ಇಲ್ಲ. ಊರಿಗೊಂದು ಕೇಂದ್ರದಲ್ಲಿ ನೀರು ಕಾಯಿಸಿ ಕೊಳವೆಯಲ್ಲಿ ಮನೆಮನೆಗೆ ಕಳಿಸುತ್ತಾರೆ. ಇಂಥ ಎಷ್ಟೋ ಕೇಂದ್ರಗಳು ಬಳಕೆದಾರರ ಸಹಕಾರ ಸಂಘದ್ದೇ ಆಸ್ತಿ. ಏರೋ ಎಂಬ ದ್ವೀಪದಲ್ಲಿ ಮಾರ್ಸ್ಟಲ್ ಅಂತ ಸಣ್ಣ ಊರಿದೆ. ಅವರು 33,000 ಚದರ ಮೀಟರ್ ಸೌರಫಲಕ ಹಾಕಿದ್ದಾರೆ. ಕರೆಂಟಿಗಲ್ಲ, ನೀರು ಕಾಯಿಸಲು. ಬೇಸಿಗೆಯಲ್ಲಿ ಕಾದ ನೀರನ್ನು ನೆಲದಲ್ಲಿ ತೋಡಿದ 75,000 ಘನ ಮೀಟರ್ ಹೊಂಡದಲ್ಲಿ ತುಂಬಿ ಮೇಲೆ ದಪ್ಪ ಹೊದಿಕೆ ಹೊದಿಸುತ್ತಾರೆ. ಚಳಿಗಾಲಕ್ಕೆ ಅದನ್ನೇ ತೆಗೆದು ಬಳಸುತ್ತಾರೆ. ಜೂನ್ ತಿಂಗಳ ಬಿಸಿಲು ಡಿಸೆಂಬರಿನಲ್ಲಿ ಮನೆ ಬೆಚ್ಚಗಿಡುತ್ತದೆ! ಇದನ್ನು ಒಂದೇ ಮನೆ ಮಾಡಲು ಹೋದರೆ ಕೆಲಸಕ್ಕೆ ಬರುವುದಿಲ್ಲ. ಸಣ್ಣ ತೊಟ್ಟಿ ಬೇಗ ತಣ್ಣಗಾಗುತ್ತದೆ, ದೊಡ್ಡ ಹೊಂಡ ನಿಧಾನವಾಗಿ. ಒಳಗಿನ ನೀರಿಗೆ ಹೋಲಿಸಿದರೆ ಬಿಸಿ ಸೋರುವ ಮೈ ಅದಕ್ಕೆ ಕಡಿಮೆ. ಒಟ್ಟಾಗಿ ಅನ್ನುವುದಕ್ಕೆ ಇಲ್ಲಿ ಭೌತಶಾಸ್ತ್ರವೇ ಸಾಕ್ಷಿ ಹೇಳುತ್ತದೆ.

ಅದೇ ದೇಶದ ಸ್ಯಾಮ್ಸೋ ದ್ವೀಪದ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ನಾಲ್ಕು ಸಾವಿರ ಜನ. 1997ರಲ್ಲಿ ಸರ್ಕಾರ ಒಂದು ಸ್ಪರ್ಧೆ ಇಟ್ಟಿತು, ಹತ್ತು ವರ್ಷದಲ್ಲಿ ಪೂರ್ತಿ ನವೀಕರಿಸಬಹುದಾದ ಶಕ್ತಿಗೆ ಹೋಗುವ ದ್ವೀಪ ಯಾವುದು ಅಂತ. ಸ್ಯಾಮ್ಸೋ ಗೆದ್ದಿತು. ಗೆದ್ದದ್ದು ಕಾಗದದ ಮೇಲಿನ ಯೋಜನೆ. ಜನರನ್ನು ಒಪ್ಪಿಸುವ ಕೆಲಸ ಸೋರೆನ್ ಹರ್ಮನ್ಸನ್ ಎಂಬ ಅಲ್ಲಿಯವರೇ ಆದ ಮೇಷ್ಟರ ಹೆಗಲಿಗೆ ಬಿತ್ತು. ಅವರು ಹವಾಮಾನದ ಪಾಠ ಮಾಡುತ್ತಾ ಕೂರಲಿಲ್ಲ. ಕೆಲಸ ಯಾರಿಗೆ ಸಿಗುತ್ತದೆ, ಲಾಭ ಯಾರಿಗೆ ಬರುತ್ತದೆ ಅನ್ನುವುದನ್ನು ಮುಂದಿಟ್ಟರು. ನೆಲದ ಮೇಲೆ 11 ಗಾಳಿಯಂತ್ರ ಬಂದವು. 9 ರೈತರದು, 2 ಷೇರು ಹಾಕಿದ ಸಾಮಾನ್ಯ ಜನರದು. ಆಮೇಲೆ ಸಮುದ್ರದಲ್ಲಿ 10. ಹೊಲದ ಹುಲ್ಲು ಸುಟ್ಟು ನೀರು ಕಾಯಿಸುವ ಕೇಂದ್ರಗಳೂ ಬಂದವು.

ಒಂದು ಸೂಕ್ಷ್ಮ ಇದೆ. ದ್ವೀಪದ ಕಾರುಗಳೂ ಹಡಗೂ ಆಗಲೂ ತೈಲದಲ್ಲೇ ಓಡುತ್ತಿದ್ದವು. ಸಮುದ್ರದ ಆ 10 ಯಂತ್ರಗಳ ಹೆಚ್ಚುವರಿ ಕರೆಂಟನ್ನು ಹೊರಗೆ ಕಳಿಸಿ ಅದಕ್ಕೆ ಸರಿಸಮ ಮಾಡಿದರು. ಸ್ಯಾಮ್ಸೋ ತೈಲವನ್ನು ಪೂರ್ತಿ ಬಿಟ್ಟುಬಿಟ್ಟಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲೆಕ್ಕದಲ್ಲಿ ತೂಗಿಸಿದರು. ಅದೂ ಸಣ್ಣ ಕೆಲಸವಲ್ಲ.

ಒಡೆತನ ಯಾಕೆ ಇಷ್ಟು ಮುಖ್ಯ? ಗಾಳಿಯಂತ್ರ ಸದ್ದು ಮಾಡುತ್ತದೆ, ನೆರಳು ಹಾಯಿಸುತ್ತದೆ, ಎಲ್ಲಿಂದ ನೋಡಿದರೂ ಕಾಣುತ್ತದೆ. ಅದು ದೂರದ ಕಂಪನಿಯದಾದರೆ ಪ್ರತಿ ಸುತ್ತೂ ಕಿರಿಕಿರಿ. ನಿಮಗೂ ಪಾಲು ಇದ್ದರೆ? ಅದೇ ಸದ್ದು, ಆದರೆ ಗಾಳಿ ನಿಂತ ದಿನ ಬೇಜಾರಾಗುತ್ತದೆ.

ಕೋಪನ್‌ಹೇಗನ್ ಎದುರಿನ ಸಮುದ್ರದಲ್ಲಿ 2000ದಲ್ಲಿ ಕಟ್ಟಿದ ಮಿಡೆಲ್‌ಗ್ರುಂಡೆನ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಯೋಜನೆಯಲ್ಲಿ ಮೂರು ಸಾಲಿನಲ್ಲಿ 27 ಯಂತ್ರ. ನೋಡಲು ಚೆನ್ನಾಗಿಲ್ಲ ಎಂದು ಜನ ಆಕ್ಷೇಪ ಎತ್ತಿದರು. ಯೋಜಕರು ಅದನ್ನು ಕಿವಿಗೆ ಹಾಕಿಕೊಂಡು, ಕಮಾನಿನಂತೆ ಬಾಗಿದ ಒಂದೇ ಸಾಲಿನಲ್ಲಿ 20 ಯಂತ್ರ ನಿಲ್ಲಿಸಿದರು. ಅರ್ಧ ಭಾಗ ಒಂದು ಸಹಕಾರ ಸಂಘದ್ದು, ಸದಸ್ಯರು 8,500ಕ್ಕೂ ಹೆಚ್ಚು. ಷೇರು ಅಳೆದ ರೀತಿ ನೋಡಿ: ಒಂದು ಷೇರು ಅಂದರೆ ವರ್ಷಕ್ಕೆ 1,000 ಯೂನಿಟ್ ಕರೆಂಟ್ ಹುಟ್ಟಿಸುವ ಪಾಲು. ಶೇಕಡಾವಾರು ಅಂದರೆ ತಲೆ ತಿರುಗುವವರಿಗೂ ಇದು ಅರ್ಥವಾಗುತ್ತದೆ. ತಮ್ಮ ಮನೆಯ ವರ್ಷದ ಬಿಲ್ಲು ನೋಡಿ, ಎಷ್ಟು ಷೇರು ಬೇಕು ಅಂತ ತಾವೇ ಹೇಳಬಲ್ಲರು.

ಎಲ್ಲ ಯುರೋಪಿನ ಕತೆಯೇ ಆಯಿತು ಅನ್ನುತ್ತೀರಿ. ಸರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರು ಮಾಡಿದರು. ಅವರ ತಂಡ ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಮೊದಲ ಯೋಚನೆ, ಅಡುಗೆಗೆ ಗ್ಯಾಸ್. ವಿಜ್ಞಾನಿಗಳಿಗೆ ಅದು ಸಹಜವಾಗಿ ತೋರಿತು. ಆದರೆ ಎಲ್ಲ ಮನೆಯ ಒಲೆ ಉರಿಸುವಷ್ಟು ಸಗಣಿ ಸಿಗಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. 1987ರಲ್ಲಿ ಯೋಜನೆಯ ದಿಕ್ಕು ಬದಲಾಯಿತು. ಅದೇ ಗ್ಯಾಸನ್ನು ಎಂಜಿನ್‌ಗೆ ಕೊಟ್ಟು, ಡೀಸೆಲನ್ನು ಬಹುಪಾಲು ಉಳಿಸಿ, ಕರೆಂಟ್ ತೆಗೆದು, ಕೊಳವೆಬಾವಿಯ ನೀರೆತ್ತಿ ಮನೆಗೆ ನಲ್ಲಿ ಕೊಟ್ಟರು. ದೀಪವನ್ನೂ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ತೂಕ ಮಾಡಿ ಕೂಲಿ, ಗ್ಯಾಸ್ ತೆಗೆದ ಮೇಲಿನ ಬಗ್ಗಡ ಗೊಬ್ಬರವಾಗಿ ಅವರವರಿಗೇ ವಾಪಸ್ಸು. ಸ್ಥಾವರ ನಡೆಸಿದ್ದು ಊರಿನದೇ ಹುಡುಗರು.

ಜಾಣತನ ಯಂತ್ರದಲ್ಲಿ ಮಾತ್ರ ಇರಲಿಲ್ಲ. ತಮ್ಮ ಮೊದಲ ಲೆಕ್ಕ ತಪ್ಪು ಎಂದು ಒಪ್ಪಿಕೊಂಡು ಜನರ ಮಾತಿಗೆ ತಿರುಗಿದರಲ್ಲ, ಅಲ್ಲಿತ್ತು.

ಉಲ್ಟಾ ಆದದ್ದೂ ಇದೆ. ಬಿಹಾರದ ಧರ್ನೈ ಹಳ್ಳಿಯಲ್ಲಿ 2014ರಲ್ಲಿ ಹೊರಗಿನವರ ನೆರವಿನಿಂದ 100 ಕಿಲೋವ್ಯಾಟ್‌ನ ಸೌರ ಜಾಲ ಬಂತು. ದೊಡ್ಡ ಸುದ್ದಿಯಾಯಿತು. ಆಮೇಲೆ ಮಾಮೂಲಿ ಕರೆಂಟೇ ಊರಿಗೆ ಬಂತು, ಸೌರ ಕರೆಂಟಿಗಿಂತ ಅಗ್ಗವಾಗಿ. ಬ್ಯಾಟರಿಗಳು ಹಳತಾದವು, ಬದಲಾಯಿಸುವವರಿರಲಿಲ್ಲ. ಕೆಲವು ವರ್ಷಗಳಲ್ಲಿ ಆ ಜಾಲ ನಿಂತುಹೋಯಿತು. ಇದರಲ್ಲಿ ಸೂರ್ಯನ ತಪ್ಪೇನಿಲ್ಲ. ಬ್ಯಾಟರಿ ಕೆಲವು ವರ್ಷಕ್ಕೆ ಸಾಯುತ್ತದೆ ಅನ್ನುವುದು ಮೊದಲ ದಿನವೇ ಗೊತ್ತಿರುವ ಸಂಗತಿ. ಅದಕ್ಕೆ ತಿಂಗಳು ತಿಂಗಳು ಹಣ ಎತ್ತಿಡುವುದು ಯಾರು, ಆ ಹುಂಡಿಯ ಕೀಲಿ ಯಾರ ಹತ್ತಿರ ಅನ್ನುವುದನ್ನು ಉದ್ಘಾಟನೆಯ ದಿನಕ್ಕೆ ಮುಂಚೆ ಮಾತಾಡಬೇಕು. ಆದರೆ ಉದ್ಘಾಟನೆಗೆ ಬರುವಷ್ಟು ಜನ ಈ ಮಾತಿಗೆ ಬರುವುದಿಲ್ಲ.

ನನ್ನದೇ ಅನುಭವ ಹೇಳುತ್ತೇನೆ, ನಗಬೇಡಿ. ನಾನಿದ್ದ ಕಟ್ಟಡದಲ್ಲಿ ಒಮ್ಮೆ ಎಲ್ಲರೂ ಸೇರಿ ಪ್ಯಾನೆಲ್ ಹಾಕೋಣ ಅಂತ ಹೊರಟೆವು. ನಾಲ್ಕು ಸಭೆ. ಯಾವ ಕಂಪನಿಯದು, ಎಷ್ಟು ಸಾಮರ್ಥ್ಯ, ಯಾವ ದಿಕ್ಕಿಗೆ, ಎಲ್ಲ ತೀರ್ಮಾನವಾಯಿತು. ಐದನೇ ಸಭೆಯಲ್ಲಿ ಮೇಲಿನ ಮಹಡಿಯ ಹಿರಿಯರೊಬ್ಬರು, "ಧೂಳು ಒರೆಸೋರು ಯಾರು?" ಅಂದರು. ಯಾರೂ ಮಾತಾಡಲಿಲ್ಲ. ಆರನೇ ಸಭೆ ನಡೆಯಲೇ ಇಲ್ಲ. ಆಗ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಆ ಪ್ರಶ್ನೆ ಮೊದಲ ಸಭೆಯಲ್ಲೇ ಬರಬೇಕಿತ್ತು.

ಓಡಾಟದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನೆದರ್ಲೆಂಡ್ಸ್‌ನವರು ಹುಟ್ಟಾ ಸೈಕಲ್ ಪ್ರಿಯರು ಎಂದು ನಾವು ಅಂದುಕೊಳ್ಳುತ್ತೇವೆ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಬೀದಿಗಿಳಿದರು. ತೈಲ ಬಿಕ್ಕಟ್ಟು ಬಂದು 1973ರ ನವೆಂಬರಿನಲ್ಲಿ ಸರ್ಕಾರ ಭಾನುವಾರ ಕಾರು ಓಡಿಸಬಾರದು ಅಂದಿತು. ಕಾರಿಲ್ಲದ ಬೀದಿ ಹೇಗಿರುತ್ತದೆ ಅನ್ನುವುದನ್ನು ಜನ ಕಣ್ಣಾರೆ ನೋಡಿದರು. ಡೆಲ್ಫ್ಟ್ ಊರಿನಲ್ಲಿ ಅದಕ್ಕೂ ಮುಂಚೆಯೇ ಬೀದಿಯವರು ತಾವೇ ಅಡ್ಡಿಗಳನ್ನಿಟ್ಟು ಕಾರಿನ ವೇಗ ತಗ್ಗಿಸಿದ್ದರು. ಈಗ ಆ ದೇಶದಲ್ಲಿ ನಾಲ್ಕು ಓಡಾಟದಲ್ಲಿ ಒಂದಕ್ಕಿಂತ ಹೆಚ್ಚು ಸೈಕಲ್ ಮೇಲೆ. ಶುರುವಾದದ್ದು ಇಂಧನದ ಚಿಂತೆಯಿಂದಲ್ಲ, ಮಕ್ಕಳ ಚಿಂತೆಯಿಂದ. ಜನರನ್ನು ಒಟ್ಟು ಸೇರಿಸುವವರು ಇದನ್ನು ಗಮನಿಸಬೇಕು. ಪುರದಲ್ಲಿ ನೀರು, ಸ್ಯಾಮ್ಸೋದಲ್ಲಿ ಕೆಲಸ, ಇಲ್ಲಿ ಮಕ್ಕಳು. ಹವಾಮಾನದ ಹೆಸರು ಹೇಳಿ ಕರೆದರೆ ಬರುವವರು ಕಡಿಮೆ.

'ಟ್ರಾನ್ಸಿಶನ್ ಟೌನ್' ಚಳವಳಿ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. 2005ರಲ್ಲಿ ಐರ್ಲೆಂಡಿನ ಕಿನ್ಸೇಲ್‌ನಲ್ಲಿ ರಾಬ್ ಹಾಪ್ಕಿನ್ಸ್ ಎಂಬ ಮೇಷ್ಟರು ತಮ್ಮ ವಿದ್ಯಾರ್ಥಿಗಳ ಜೊತೆ, ತೈಲದ ಬಳಕೆಯನ್ನು ಹಂತಹಂತವಾಗಿ ಇಳಿಸುವ ಒಂದು ಊರಿನ ಯೋಜನೆ ಬರೆದರು. 2006ರಲ್ಲಿ ಇಂಗ್ಲೆಂಡಿನ ಟಾಟ್ನೆಸ್‌ನಲ್ಲಿ ಅದು ಚಳವಳಿಯಾಯಿತು, ಅಲ್ಲಿಂದ ಎಷ್ಟೋ ದೇಶಗಳಿಗೆ ಹಬ್ಬಿತು. ಟಾಟ್ನೆಸ್‌ನವರು 2007ರಲ್ಲಿ ತಮ್ಮದೇ ನೋಟು ಕೂಡ ಅಚ್ಚು ಹಾಕಿಸಿದರು. 2019ರಲ್ಲಿ ಅದು ನಿಂತಿತು, ಜನ ಕಾಗದದ ದುಡ್ಡನ್ನೇ ಬಿಡುತ್ತಾ ಬಂದಿದ್ದರು. ನೋಟಿನ ಫೋಟೋ ಜಗತ್ತೆಲ್ಲ ಓಡಾಡಿತು. ನನಗೆ ಅದಕ್ಕಿಂತ ಹಿಡಿಸಿದ್ದು ಅಲ್ಲಿನ ಬೀದಿ ಗುಂಪುಗಳು. ಒಂದೇ ಬೀದಿಯ ಕೆಲವು ಮನೆಯವರು ಸರದಿಯಲ್ಲಿ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಒಂದು ಸಲ ಕರೆಂಟು, ಒಂದು ಸಲ ನೀರು, ಒಂದು ಸಲ ಓಡಾಟ ಅಂತ ಬಿಲ್ಲು ಬಿಚ್ಚಿಟ್ಟುಕೊಂಡು ಮಾತಾಡುತ್ತಿದ್ದರು.

ಇಂಥ ಗುಂಪುಗಳ ಮೇಲೆ ಒಂದು ದೂರು ಇದೆ, ಅದು ನಿಜವೂ ಹೌದು. ಸಂಜೆ ಬಿಡುವಿದ್ದವರು, ಸ್ವಂತ ಮನೆ ಇದ್ದವರು, ಓದಿಕೊಂಡವರು ಬರುತ್ತಾರೆ. ಎರಡು ಪಾಳಿ ದುಡಿಯುವವರು ಬರುವುದಿಲ್ಲ. ಬರಲಿಲ್ಲ ಅಂದರೆ ಅವರಿಗೆ ಆಸಕ್ತಿ ಇಲ್ಲ ಎಂದು ಬರೆದುಕೊಳ್ಳುತ್ತೇವೆ. ಸಭೆಯ ಹೊತ್ತು ಬದಲಾಯಿಸುವುದು ನಮಗೆ ಹೊಳೆಯುವುದೇ ಇಲ್ಲ.

ಮಿತಿಯೂ ಹೇಳಿಬಿಡುತ್ತೇನೆ. ಉಕ್ಕು, ಸಿಮೆಂಟು, ವಿಮಾನ, ಸಮುದ್ರದ ಹಡಗು ಇವನ್ನು ಯಾವ ಊರೂ ತಾನೊಂದೇ ಸರಿಮಾಡಲಾರದು. ಅದಕ್ಕೆ ದೇಶಗಳೇ ಬೇಕು. ಡೆನ್ಮಾರ್ಕಿನ ಸಹಕಾರ ಸಂಘಗಳ ಹಿಂದೆಯೂ ಅವಕ್ಕೆ ಅನುಕೂಲವಾದ ಕಾನೂನುಗಳು ಇದ್ದವು.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಸರ್, ನಾವು ಬಾಡಿಗೆ ಮನೇಲಿರೋದು. ತಾರಸಿ ನಮ್ಮದಲ್ಲ. ವರ್ಷಕ್ಕೊಂದು ಮನೆ ಬದಲಾಯಿಸ್ತೀವಿ. ಇದರಲ್ಲಿ ನಮಗೇನಿದೆ?"

ಮಿಡೆಲ್‌ಗ್ರುಂಡೆನ್‌ನ ಷೇರನ್ನೇ ತೆಗೆದುಕೊಳ್ಳಮ್ಮ, ಅಂದೆ. ಅಲ್ಲಿ ಪಾಲು ಕೊಂಡವರಿಗೆ ತಾರಸಿ ಬೇಕಿರಲಿಲ್ಲ, ಯಂತ್ರ ಇದ್ದದ್ದು ಸಮುದ್ರದಲ್ಲಿ. ಮನೆ ಬದಲಾಯಿಸಿದರೆ ಷೇರು ಕಾಗದ ಪೆಟ್ಟಿಗೆಯಲ್ಲಿ ಜೊತೆಗೆ ಬರುತ್ತದೆ. ಜರ್ಮನಿಯಲ್ಲಿ ಬಾಡಿಗೆದಾರರು ಬಾಲ್ಕನಿಯ ಕಟಕಟೆಗೆ ಒಂದೆರಡು ಪ್ಯಾನೆಲ್ ಕಟ್ಟಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. 2024ರಿಂದ 800 ವ್ಯಾಟ್‌ವರೆಗೆ ಕಾನೂನು ಅದನ್ನು ಇನ್ನಷ್ಟು ಸುಲಭ ಮಾಡಿದೆ. ಬಿಚ್ಚಿ ಮುಂದಿನ ಮನೆಗೆ ಒಯ್ಯಬಹುದು.

"ಅಂಥ ಸಂಘ ನಾವಿರೋ ಕಡೆ ಇಲ್ವಲ್ಲ ಸರ್," ಅಂದಳು.

ನಿಮ್ಮ ಕಟ್ಟಡದಲ್ಲಿ ಬಾಡಿಗೆಗಿರುವ ಮನೆ ಎಷ್ಟು ಅಂತ ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಗೆಳತಿಯನ್ನು ಕೇಳಿದಳು, ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ಬೆರಳು ಮಡಚಿ ಎಣಿಸತೊಡಗಿದರು.